ತೊಳೆಯುವ ಮೊದಲಿನ ಒಂದು ಹಿಡಿ

ಅಳೆದಿಟ್ಟ ಅಕ್ಕಿಯನ್ನು ತೊಳೆಯುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಪದ್ಧತಿ ಇಷ್ಟೇ. ಇದಕ್ಕೆ ಪಾದ್ರಿ ಬೇಕಿಲ್ಲ, ಪ್ರಾರ್ಥನೆ ಬೇಕೆಂದಿಲ್ಲ, ರಶೀದಿಯಂತೂ ಇಲ್ಲವೇ ಇಲ್ಲ. ದಕ್ಷಿಣ ಭಾರತದ ಕ್ರೈಸ್ತ ಸಭೆಗಳಲ್ಲಿ ಎಷ್ಟೋ ವಿಧವೆಯರ ಒಲೆ ಉರಿದದ್ದು, ಎಷ್ಟೋ ಮಕ್ಕಳ ಬೋರ್ಡಿಂಗ್ ಫೀಸು ಕಟ್ಟಿದ್ದು ಈ ಹಿಡಿ ಅಕ್ಕಿಯಿಂದ. ಗೋಡೆಯ ಅಮೃತಶಿಲೆಯ ಫಲಕಗಳಲ್ಲಿ ಅದರ ಸುದ್ದಿ ಇರುವುದಿಲ್ಲ. ನಾನು ನಮ್ಮ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟಕ್ಕೆ ಬಹಳ ವರ್ಷ ಖಜಾಂಚಿಯಾಗಿದ್ದವಳು. ಫಲಕಕ್ಕಿಂತ ಲೆಕ್ಕದ ಪುಸ್ತಕವನ್ನೇ ಹೆಚ್ಚು ನಂಬುತ್ತೇನೆ.

ಈ ಪದ್ಧತಿಯ ಹಳೆಯ ಉದಾಹರಣೆಗಳಲ್ಲಿ ಹೆಚ್ಚು ಹೆಸರಾದದ್ದು ಕೇರಳದ ಮಾನ್ನಾನಂನದು. ಕುರಿಯಾಕೋಸ್ ಏಲಿಯಾಸ್ ಚಾವರ ಎಂಬ ಕಥೋಲಿಕ ಗುರುಗಳು ಅಲ್ಲಿ 1846ರಲ್ಲಿ ಸಂಸ್ಕೃತ ಶಾಲೆ ತೆರೆದರು. ಮುಂದೆ ಪಕ್ಕದ ಆರ್ಪೂಕರದಲ್ಲಿ, ಮುಟ್ಟಬಾರದವರೆಂದು ಊರು ದೂರ ಇಟ್ಟಿದ್ದ ಜನರ ಮಕ್ಕಳಿಗೂ ಒಂದು ಶಾಲೆಯಾಯಿತು. ಶಾಲೆ ತೆರೆಯುವುದು ಸುಲಭ, ಮಕ್ಕಳು ಬರಬೇಕಲ್ಲ! ಗದ್ದೆಗೆ ಹೋದರೆ ಸಿಗುತ್ತಿದ್ದ ಗಂಜಿ ಶಾಲೆಗೆ ಹೋದರೆ ತಪ್ಪಿಹೋಗುತ್ತದೆ. ಚಾವರ ಮಧ್ಯಾಹ್ನದ ಊಟವನ್ನು ಶಾಲೆಯಲ್ಲೇ ಹಾಕಿಸಿದರು. ಅದಕ್ಕೆ ಬೇಕಾದ ಅಕ್ಕಿಗಾಗಿ ಸುತ್ತಲಿನ ಕ್ರೈಸ್ತ ಮನೆಗಳಲ್ಲಿ ದಿನಕ್ಕೊಂದು ಹಿಡಿ ತೆಗೆದಿಡುವ ಪಿಡಿಯರಿಯ ಪದ್ಧತಿ ತಂದರು. ನಮ್ಮ ರಾಜ್ಯದ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ. ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಮಾತು ಇದು. ಚಾವರ ತಾವು ಹುಟ್ಟಿದ ಕೈನಕರಿಯಲ್ಲಿ 1869ರಲ್ಲಿ ದಿಕ್ಕಿಲ್ಲದ ಮುದುಕರಿಗೂ ರೋಗಿಗಳಿಗೂ ಒಂದು ಮನೆ ಮಾಡಿಸಿದರು. 2014ರಲ್ಲಿ ರೋಮಿನಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಅಕ್ಕಿ ತೆಗೆದಿಟ್ಟ ಹೆಂಗಸರ ಹೆಸರು ಎಲ್ಲೂ ಇಲ್ಲ. ಇರುತ್ತದೆಂದು ಅವರೂ ಅಂದುಕೊಂಡಿರಲಾರರು.

ಇದಕ್ಕೆ ಬೈಬಲಿನಲ್ಲಿ ಆಧಾರ ಕೇಳಿದರೆ ನಮ್ಮ ಸಭಾಪಾಲಕರು ಪೌಲನನ್ನು ತೋರಿಸುತ್ತಾರೆ. ಜೆರೂಸಲೇಮಿನ ಬಡವರಿಗಾಗಿ ವಾರದ ಮೊದಲ ದಿನ ಅವರವರ ಶಕ್ತಿಗೆ ತಕ್ಕಷ್ಟು ತೆಗೆದಿಡಿ ಎಂದು ಅವನು ಕೊರಿಂಥದವರಿಗೆ ಬರೆದಿದ್ದಾನೆ. ಹೆಂಗಸರು ಮಾತ್ರ ಎಲೀಯನ ಕಾಲದ ವಿಧವೆಯ ಕಥೆ ಹೇಳುತ್ತಾರೆ. ಬರಗಾಲದಲ್ಲಿ ಮಡಕೆಯ ತಳದಲ್ಲಿ ಒಂದು ಹಿಡಿ ಹಿಟ್ಟು ಉಳಿದಿದ್ದಾಗ ಅದರಿಂದಲೇ ಪ್ರವಾದಿಗೆ ಮೊದಲು ರೊಟ್ಟಿ ಮಾಡಿಕೊಟ್ಟವಳು ಅವಳು. ಪೌಲನಿಗೆ ಅಡುಗೆಮನೆ ಗೊತ್ತಿರಲಿಲ್ಲ ಎಂದು ನನಗೆ ಅನಿಸುವುದುಂಟು.

ನಮ್ಮ ಕರಾವಳಿಯಲ್ಲಿ ದಾನದ ದಾರಿ ಬೇರೆಯಾಗಿ ಶುರುವಾಯಿತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು, ಧಣಿಗಳು ಗೇಣಿಯ ಗದ್ದೆ ಬಿಡಿಸುತ್ತಿದ್ದರು. ಹಾಗೆ ಬೀದಿಗೆ ಬಿದ್ದವರನ್ನು ಕೂರಿಸಿ ಊಟ ಹಾಕುವುದಕ್ಕಿಂತ ಕೆಲಸ ಕೊಡುವುದೇ ಸರಿ ಎಂದು ಮಿಷನ್ನಿನವರು ನೇಯ್ಗೆಯ ಕಾರ್ಖಾನೆ ಮಾಡಿದರು. 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹಂಚಿನ ಹೆಸರು ಲೋಕಕ್ಕೆಲ್ಲ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಆಮೇಲೆ ಮೊದಲನೆಯ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಹಿಡಿದಿಟ್ಟಿತು, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ತಮ್ಮ ಬಡವರನ್ನು ತಾವೇ ನೋಡಿಕೊಳ್ಳಬೇಕಾದ ದಿನಗಳನ್ನು ನಮ್ಮ ಸಭೆಗಳು ಕಂಡದ್ದು ಆಗ.

ನನ್ನ ಅಜ್ಜಿ ಆ ಕಾಲದವರು. ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದರು. ಸಂಬಳ ಅವರ ಅಂಗಿಯ ಕಿಸೆಯಲ್ಲಿರುತ್ತಿತ್ತು. ಉಪ್ಪಿಗೂ ಅಜ್ಜಿ ಅವರನ್ನೇ ಕೇಳಬೇಕಿತ್ತು. ಮುಡಿಯಿಂದ ಅಕ್ಕಿ ತೆಗೆದು ಪಾವಿನಲ್ಲಿ ಅಳೆಯುವ ಹಕ್ಕು ಮಾತ್ರ ಅಜ್ಜಿಯದು. “ಸಂಬಳ ಅವರದ್ದು ಮಗಾ, ಅಕ್ಕಿ ನನ್ನದು” ಅನ್ನುತ್ತಿದ್ದರು. ಈ ಪದ್ಧತಿ ಯಾಕೆ ಬೇರು ಬಿಟ್ಟಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೇಳಿಲ್ಲ. ಕೈಯಲ್ಲಿ ಕಾಸಿಲ್ಲದ ಹೆಂಗಸು ಯಾರನ್ನೂ ಕೇಳದೆ ಕೊಡಬಹುದಾದ ವಸ್ತು ಮನೆಯಲ್ಲಿ ಅದೊಂದೇ ಇತ್ತು.

ಒಂದು ಮುಡಿ ಅಂದರೆ ಮೂರು ಕಳಸಿಗೆ, ನಲವತ್ತೆರಡು ಸೇರು. ಹೊತ್ತಿಗೊಂದು ಹಿಡಿಯಂತೆ ತೆಗೆದರೆ ತಿಂಗಳಿಗೆ ಎರಡು ಸೇರಿನಷ್ಟು ಆಗುತ್ತದೆ. ಹಿಡಿಯೂ ಮನೆಯಿಂದ ಮನೆಗೆ ಬೇರೆ. ಹೊಸ ಸೊಸೆಯ ಹಿಡಿ ದೊಡ್ಡದಾದರೆ ಅತ್ತೆ ಹುಬ್ಬೇರಿಸುತ್ತಿದ್ದಳು, ಸಣ್ಣದಾದರೂ ಏರಿಸುತ್ತಿದ್ದಳು. ತಿಂಗಳ ಕೂಟದ ದಿನ ಎಲ್ಲರೂ ಅಕ್ಕಿಯನ್ನು ಚೀಲದಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಹೊರಗಿನವರಿಗೆ ಗೊತ್ತಾಗದ ತೊಂದರೆ ಅಲ್ಲಿತ್ತು: ಎಲ್ಲರ ಅಕ್ಕಿ ಒಂದೇ ಬಗೆಯದಲ್ಲ. ಬೆಳ್ತಿಗೆ ಬೇಗ ಬೇಯುತ್ತದೆ, ಕುಚ್ಚಲಕ್ಕಿ ಗಂಟೆಗಟ್ಟಲೆ ಹಿಡಿಯುತ್ತದೆ. ಎರಡನ್ನೂ ಬೆರೆಸಿ ಬೇಯಿಸಿದರೆ ಒಂದು ಮುದ್ದೆಯಾಗುವ ಹೊತ್ತಿಗೆ ಇನ್ನೊಂದು ಹಲ್ಲಿಗೆ ಸಿಗುತ್ತದೆ. ಆದ್ದರಿಂದ ಎರಡು ಬುಟ್ಟಿ ಇಡುವುದು ರೂಢಿ. ಮೂರನೆಯ ಬುಟ್ಟಿಯೂ ಒಂದಿತ್ತು, ಅದರ ಬಗ್ಗೆ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ: ಹುಳ ಹಿಡಿದದ್ದು, ನುಚ್ಚು, ರೇಷನ್ನಿನ ವಾಸನೆಯ ಅಕ್ಕಿ. ದೇವರ ಹೆಸರಿನಲ್ಲಿ ಹಳಸಿದ್ದನ್ನು ದಾಟಿಸುವವರು ಎಲ್ಲ ಕಾಲದಲ್ಲೂ ಇದ್ದಾರೆ. ಯಾರ ಚೀಲದಿಂದ ಏನು ಬಂತೆಂದು ಅಳೆಯುವವಳಿಗೆ ಗೊತ್ತು. ಅಳೆಯುವವಳು ಬಾಯಿ ಬಿಡಬಾರದೆಂಬುದು ಬರೆದಿಡದ ನಿಯಮ. ಆ ಬುಟ್ಟಿ ಏಲಂನಲ್ಲಿ ಕೋಳಿ ಸಾಕುವವರ ಪಾಲಾಗುತ್ತಿತ್ತು.

ಒಳ್ಳೆಯ ಅಕ್ಕಿಯಲ್ಲಿ ಒಂದಿಷ್ಟನ್ನು ವಿಧವೆಯರ ಮನೆಗೆ ಕಳಿಸಿ, ಮಿಕ್ಕದ್ದನ್ನು ಮಾರಿ ದುಡ್ಡು ಮಾಡುತ್ತಿದ್ದರು. ಕಳಿಸುವುದೂ ಕತ್ತಲಾದ ಮೇಲೆ, ಹಿತ್ತಿಲ ಬಾಗಿಲಿಗೆ. ನನ್ನನ್ನು ಈಗಲೂ ಯೋಚನೆಗೆ ಹಚ್ಚುವುದು ಬೇರೆ ಒಂದು ಸಂಗತಿ. ಹಾಗೆ ಅಕ್ಕಿ ಪಡೆದವರೂ ತಿಂಗಳ ಕೂಟಕ್ಕೆ ಬರುವಾಗ ತಮ್ಮ ಚೀಲ ತರುತ್ತಿದ್ದರು. ನಮ್ಮದೇ ಅಕ್ಕಿ ನಮ್ಮ ಬುಟ್ಟಿಗೇ ಹಿಂದೆ ಬಂತೆಂದು ನಾನು ಎಳೆಯ ಪ್ರಾಯದಲ್ಲಿ ನಕ್ಕಾಗ ಅಜ್ಜಿ ಕಣ್ಣಲ್ಲೇ ಗದರಿಸಿದ್ದರು. ಚೀಲ ತಂದವಳು ಬೆಂಚಿನಲ್ಲಿ ಎಲ್ಲರ ಸಾಲಿನಲ್ಲೇ ಕೂರುತ್ತಾಳೆ. ಬರಿಗೈಯವಳು ಬಾಗಿಲ ಬಳಿ ನಿಲ್ಲಬೇಕಾಗುತ್ತದೆ.

ಹಿಡಿ ಅಕ್ಕಿಯ ಪದ್ಧತಿ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು ದೂರದ ಮಿಜೋರಾಮಿನಲ್ಲಿ. ವೆಲ್ಶ್ ಮಿಷನರಿಗಳ ಪ್ರೆಸ್ಬಿಟೀರಿಯನ್ ಸಭೆಗಳಲ್ಲಿ 1910ರ ಆಸುಪಾಸಿನಲ್ಲಿ ‘ಬುಹ್‌ಫಾಯಿ ಥಾಮ್’ ಎಂಬ ಹೆಸರಿನಲ್ಲಿ ಹಿಡಿ ಅಕ್ಕಿ ಶುರುವಾಯಿತು. ಅದರ ಬೆನ್ನಿಗೇ, 1911-12ರಲ್ಲಿ, ಬಿದಿರು ಹೂಬಿಟ್ಟು ಇಲಿಗಳು ಹೆಚ್ಚಿ, ಬೆಳೆ ತಿಂದುಹಾಕಿ ಅಲ್ಲಿ ಘೋರ ಬರ ಬಂದಿತ್ತು. ಅಂಥ ನಾಡಿನಲ್ಲಿ ಅಕ್ಕಿ ತೆಗೆದಿಡುವುದು ಸಣ್ಣ ಮಾತಲ್ಲ. ಇಂದಿಗೂ ಊರಿನ ಹೆಂಗಸರು ಮನೆಮನೆಗೆ ಹೋಗಿ ಅದನ್ನು ಕೂಡಿಸುತ್ತಾರೆ. ಸಭೆಯವರೇ ಅದನ್ನು ಕೊಂಡುಕೊಳ್ಳುತ್ತಾರೆ. ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿಯ ಬಾಬ್ತು ಅದು. ಇಷ್ಟು ಹೊತ್ತು ತಂದ ಹೆಂಗಸರಿಗೆ ಆ ಸಭೆ ಪಾಲಕ ದೀಕ್ಷೆಯನ್ನು ಬಹುಕಾಲ ಕೊಡಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ನಾವೇನು ದೊಡ್ಡವರಲ್ಲ. 1947ರಲ್ಲಿ ಹುಟ್ಟಿದ ನಮ್ಮ ಸಿ.ಎಸ್.ಐ. ಸಭೆಗೆ ಮೊದಲ ಮಹಿಳಾ ಬಿಷಪ್ ಸಿಕ್ಕಿದ್ದು 2013ರಲ್ಲಿ, ಆಂಧ್ರದ ನಂದ್ಯಾಲದಲ್ಲಿ, ಪುಷ್ಪಲಲಿತಾ ಅವರ ಮೂಲಕ. ಅಕ್ಕಿ ಹೆಂಗಸರದ್ದು, ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬ ತೀರ್ಮಾನ ಕಮಿಟಿಯ ಗಂಡಸರದ್ದು. ನನ್ನ ಖಜಾಂಚಿಗಿರಿಯ ಮೊದಲ ಜಗಳವೇ ಇದರ ಮೇಲೆ ನಡೆಯಿತು. ವಿಧವೆಯರ ಪಾಲಿನ ದುಡ್ಡಿನಲ್ಲಿ ದೇವಾಲಯದ ಮೈಕ್ ಸೆಟ್ ರಿಪೇರಿ ಮಾಡಿಸಲು ಹೊರಟಿದ್ದರು. ನಾನು ಪುಸ್ತಕವನ್ನು ಮನೆಗೆ ತಂದಿಟ್ಟುಕೊಂಡೆ. ಮೈಕ್ ಬೇರೆ ದುಡ್ಡಿನಲ್ಲಿ ಸರಿಹೋಯಿತು.

ಹಿಡಿ ಧಾನ್ಯ ಕ್ರೈಸ್ತರ ಸ್ವಂತ ಸೊತ್ತೇನಲ್ಲ. ವಿನೋಬಾ ಭಾವೆಯವರು 1950ರ ದಶಕದ ಕೊನೆಯಲ್ಲಿ ಮನೆಮನೆಗೂ ಸರ್ವೋದಯ ಪಾತ್ರೆ ಇಡಿ, ಮಗುವಿನ ಕೈಯಿಂದ ದಿನಕ್ಕೊಂದು ಹಿಡಿ ಹಾಕಿಸಿ ಎಂದರು. ಮಗುವಿನ ಕೈ ಎಂದದ್ದು ಒಳ್ಳೆಯ ಯೋಚನೆ. ಅತ್ತೆ ಸೊಸೆಯರ ತಕರಾರು ಅಲ್ಲಿಗೆ ಮುಗಿಯುತ್ತದೆ.

ಕೆಲವು ವರ್ಷದ ಹಿಂದೆ ನಮ್ಮ ಕೂಟದಲ್ಲಿ ಅಕ್ಕಿ ನಿಲ್ಲಿಸಿ ತಿಂಗಳಿಗೆ ನೂರು ರೂಪಾಯಿ ಮಾಡೋಣವೆಂಬ ಸೂಚನೆ ಬಂತು. ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಅದೇ ಸಲೀಸು, ಫೋನಿನಲ್ಲೇ ಕಳಿಸಿಬಿಡುತ್ತಾರೆ. ಎದ್ದು ನಿಂತು ಬೇಡವೆಂದವರು ಹಿರಿಯರು. “ನೂರು ರೂಪಾಯಿಗೆ ನಾನು ಮಗನ ಮುಂದೆ ಕೈಚಾಚಬೇಕಾ?” ಎಂದು ಒಬ್ಬರು ಕೇಳಿದಾಗ ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಎರಡನ್ನೂ ಇಟ್ಟುಕೊಂಡೆವು. ಪುಸ್ತಕದಲ್ಲಿ ದುಡ್ಡಿಗೊಂದು ಕಾಲಂ, ಅಕ್ಕಿಗೊಂದು. ಅಕ್ಕಿಯ ಕಾಲಂನಲ್ಲಿ ಹೆಸರುಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ. ಈಚೆಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಳು ಹಟ ಹಿಡಿದು ಅದರಲ್ಲೇ ಸೇರಿದ್ದಾಳೆ. ಆಕೆ ತರುವುದು ಬಾಸ್ಮತಿ. ಅದನ್ನು ಯಾವ ಬುಟ್ಟಿಗೆ ಹಾಕಬೇಕೆಂದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.