ಎದುರಾಳಿಯ ಕಡೆಯಿಂದ ಬಂದ ಸಾಕ್ಷ್ಯ

ಯುದ್ಧದ ಇತಿಹಾಸವನ್ನು ಓದುವಾಗ ನಾವು ಸಾಮಾನ್ಯವಾಗಿ ನಮ್ಮ ಕಡೆಯ ದಾಖಲೆಗಳನ್ನಷ್ಟೇ ನಂಬುತ್ತೇವೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯದಲ್ಲಿ ನಮ್ಮ ಕಡೆ ಅಂತಹ ದಾಖಲೆಯೇ ಇರಲಿಲ್ಲ. 1965ರ ಸೆಪ್ಟೆಂಬರ್ 7ರಂದು ಅವರು ಹೋದರು, ಮರಳಲಿಲ್ಲ. ವಾಯುಪಡೆಗೆ ತಿಳಿದದ್ದು ಅಷ್ಟೇ.

ಅಂದು ಪಂಜಾಬಿನ ಆದಂಪುರದಿಂದ ಒಂದನೆಯ ಸ್ಕ್ವಾಡ್ರನ್ನಿನ 12 ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಬೇಕಿತ್ತು. ದೇವಯ್ಯನವರು ಆ ಹನ್ನೆರಡು ಮಂದಿಯಲ್ಲಿ ಒಬ್ಬರಲ್ಲ. ಯಾರಾದರೂ ಹಿಂದುಳಿದರೆ ಆ ಸ್ಥಾನ ತುಂಬಲು ನಿಯುಕ್ತರಾದ ಮೀಸಲು ಪೈಲಟ್. ಒಂದು ವಿಮಾನ ಹಿಂದುಳಿಯಿತು. ಅವರು ಹೊರಟು ತಂಡವನ್ನು ಕೂಡಿಕೊಂಡರು.

ದಾಳಿಕಾರರನ್ನು ಬೆನ್ನಟ್ಟಿ ಬಂದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಅಮೆರಿಕನ್ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು. ಫ್ರೆಂಚ್ ನಿರ್ಮಿತ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಓಡಿ ಪಾರಾಗುವ ಮಾತೇ ಇರಲಿಲ್ಲ. ಅಮ್ಜದ್ ಅವರ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಅದು ಮುಗಿಯಿತೆಂದು ಬಗೆದು ಅವರು ಮತ್ತೊಂದು ವಿಮಾನದತ್ತ ತಿರುಗಿದರು. ಆದರೆ ಪೆಟ್ಟು ತಿಂದ ಆ ಮಿಸ್ಟೇರ್ ಮರಳಿ ಕಾಳಗಕ್ಕೆ ಬಂತು. ಸ್ಟಾರ್‌ಫೈಟರಿನ ಬಲವಿರುವುದು ವೇಗದಲ್ಲಿ. ಅದರ ಕಿರಿದಾದ ರೆಕ್ಕೆಗಳು ಬಿರುಸಾದ ತಿರುವುಗಳಿಗೆ ಒದಗುವುದಿಲ್ಲ. ಕಡಿಮೆ ವೇಗದ ಸುತ್ತಾಟದಲ್ಲಿ ದೇವಯ್ಯನವರ ಗುಂಡುಗಳು ಗುರಿ ಮುಟ್ಟಿದವು. ಅಮ್ಜದ್ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡರು. ದೇವಯ್ಯನವರು ಬದುಕಲಿಲ್ಲ.

ಗಡಿಯಾಚೆಯ ಹಳ್ಳಿಗರು ಅವರ ದೇಹವನ್ನು ಹೊಲದಲ್ಲಿ ದಫನ ಮಾಡಿದರೆಂದು ಪಾಕಿಸ್ತಾನದ ಬರಹಗಳು ತಿಳಿಸುತ್ತವೆ.

ಇತ್ತ ಅವರು 'ಕಾಣೆಯಾದವರು'. ಪತ್ನಿ ಸುಂದರಿಯವರ ಪಾಲಿಗೆ ಆ ಒಂದು ಪದದ ಭಾರ ಎಷ್ಟಿತ್ತೆಂಬುದನ್ನು ನಾವು ಊಹಿಸಬಹುದಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರು ಪಾಕಿಸ್ತಾನಿ ವಾಯುಪಡೆಯ ಯುದ್ಧಕಥನವನ್ನು ಪ್ರಕಟಿಸಿದಾಗ ಮಾತ್ರ, ಸ್ಟಾರ್‌ಫೈಟರನ್ನು ಉರುಳಿಸಿದ್ದು ಒಂದು ಮಿಸ್ಟೇರ್ ಎಂಬ ಸಂಗತಿ ಹೊರಬಂತು. ತಮ್ಮ ಹೆಮ್ಮೆಯ ವಿಮಾನವನ್ನು ಹಳೆಯ ವಿಮಾನವೊಂದು ಕೆಡವಿತೆಂದು ಒಪ್ಪಿಕೊಳ್ಳುವುದು ಯಾವ ಸೇನೆಗೂ ಸುಲಭವಲ್ಲ. ಅದನ್ನು ಮರೆಮಾಚದೆ ಹೇಳಿದವರ ಪ್ರಾಮಾಣಿಕತೆಯನ್ನು ನಾವು ಇಲ್ಲಿ ಗುರುತಿಸಲೇಬೇಕು. ಆ ದಿನ ಮರಳದೆ ಉಳಿದ ಮಿಸ್ಟೇರ್ ಯಾರದೆಂಬುದು ಆದಂಪುರದವರಿಗೆ ಗೊತ್ತಿತ್ತು. ಅಂದು ದಾಳಿಯ ನೇತೃತ್ವ ವಹಿಸಿದ್ದ ಓ. ಪಿ. ತನೇಜಾ ಅವರು ತಮ್ಮ ಸಹೋದ್ಯೋಗಿಗೆ ಸಲ್ಲಬೇಕಾದ ಮನ್ನಣೆಗಾಗಿ ಸರಕಾರಕ್ಕೆ ಬರೆದರು.

1988ರಲ್ಲಿ, ಕಾಳಗ ನಡೆದು 23 ವರ್ಷಗಳಾದ ಮೇಲೆ, ಮರಣೋತ್ತರ ಮಹಾವೀರ ಚಕ್ರವನ್ನು ಸುಂದರಿ ದೇವಯ್ಯನವರು ಸ್ವೀಕರಿಸಿದರು.