ಭುಜದ ಕೃತಕ ಕೀಲಿನ ಸುತ್ತ ಮೂಳೆ ಮುರಿತ

ಭುಜದ ಕೀಲು ಬದಲಿಸಿಕೊಂಡವರ ತೋಳಿನ ಮೂಳೆಯೊಳಗೆ ಸಾಮಾನ್ಯವಾಗಿ ಸ್ಟೆಮ್ ಎಂಬ ಲೋಹದ ಕಡ್ಡಿ ಇಳಿದಿರುತ್ತದೆ. ಮೂಳೆ ಸವೆದ ಹಿರಿಯರು ಮನೆಯಲ್ಲೇ ಜಾರಿ ಬಿದ್ದರೂ ಅದರ ತುದಿಯ ಬಳಿ ಮೂಳೆ ಮುರಿಯಬಹುದು. ಉಳುಕೆಂದು ಎಣ್ಣೆ ಹಚ್ಚಿ ತಿಕ್ಕುವುದು, ನಾಟಿ ಕಟ್ಟು ಹಾಕಿಸುವುದು ಬೇಡವೇ ಬೇಡ. ಆ ಮೂಳೆಗೆ ಅಂಟಿಕೊಂಡೇ ರೇಡಿಯಲ್ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಮಣಿಕಟ್ಟು ಮೇಲೆತ್ತಲಾಗದೆ ಜೋತುಬೀಳುತ್ತದೆ.

ಎಕ್ಸ್-ರೇಯಲ್ಲಿ ವೈದ್ಯರು ಮುಖ್ಯವಾಗಿ ನೋಡುವುದು ಸ್ಟೆಮ್ ಭದ್ರವಾಗಿದೆಯೋ ಸಡಿಲವಾಗಿದೆಯೋ ಎಂದು. ಭದ್ರವಿದ್ದು ಮೂಳೆ ಹೆಚ್ಚು ಸರಿದಿಲ್ಲದಿದ್ದರೆ ಬ್ರೇಸ್ ಸಾಕಾಗಬಹುದು. ಸರಿದಿದ್ದರೆ ಪ್ಲೇಟು, ಸ್ಕ್ರೂ, ತಂತಿಗಳಿಂದ ಬಿಗಿಯುತ್ತಾರೆ. ಸಡಿಲವಾಗಿದ್ದರೆ ಹಳೆಯದನ್ನು ತೆಗೆದು, ಮುರಿದ ಜಾಗ ದಾಟುವಷ್ಟು ಉದ್ದದ ಸ್ಟೆಮ್ ಕೂರಿಸಬೇಕಾಗುತ್ತದೆ. ಆಗ ಹಳೆಯ ಇಂಪ್ಲಾಂಟಿನ ಕಂಪನಿ, ಅಳತೆ ಬರೆದ ಸ್ಟಿಕ್ಕರ್ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯ ಬಿಲ್ಲು ಜೋಪಾನವಾಗಿರುತ್ತದೆ, ಆ ಹಾಳೆ ಮಾತ್ರ ಸಿಗುವುದಿಲ್ಲ.