ಎರಚುವುದೂ ಒಂದು ಕಸುಬು

ಕನ್ನಡನಾಡಿನ ಗೋಡೆಯ ಕಲೆ ಎಂದೊಡನೆ ನೆನಪಿಗೆ ಬರುವುದು ಸಾಗರ ಸೀಮೆಯ ದೀವರ ಹಸೆ: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಹುರಿದು ಕರಿಯಾದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಅದಕ್ಕೆ ಸಿಕ್ಕ ಮನ್ನಣೆ ನ್ಯಾಯವಾದದ್ದೇ. ಆದರೆ ಹಸೆಯ ಗೆರೆ ಕಾಗದ, ಬಟ್ಟೆಗಳ ಮೇಲೇರಿ ಊರೂರು ಸುತ್ತಿತು. ಆ ಗೆರೆಯನ್ನು ಹೊತ್ತ ಕೆಮ್ಮಣ್ಣಿನ ಗೋಡೆ ಇದ್ದಲ್ಲೇ ಉಳಿಯಿತು. ಗೆರೆಯ ಹಂಗಿಲ್ಲದೆ ಬಳಿದು, ಚಿಮುಕಿಸಿ, ಎರಚಿ ಗೋಡೆಗೆ ಚೆಲುವು ತರುವ ಕೆಲಸ ಕಲೆಯ ಚರಿತ್ರೆಯಿಂದ ಹೊರಗುಳಿದದ್ದು ಹೀಗೆ. ಎತ್ತಿ ಒಯ್ಯಲಾಗದ್ದನ್ನು ಕಲೆಯಲ್ಲವೆಂದು ಎಣಿಸಿದ್ದು ತಪ್ಪು.

ಎರಚಲು ಏನು ಕುಶಲತೆ ಬೇಕು ಎಂಬ ಆಕ್ಷೇಪ ಮೊದಲು ಏಳುತ್ತದೆ. ಸ್ವೀಡನ್ನಿನ ಹಳ್ಳಿಮನೆಗಳು ಇದಕ್ಕೆ ಉತ್ತರ ಕೊಡುತ್ತವೆ. ಅಲ್ಲಿ 19ನೇ ಶತಮಾನದಲ್ಲಿ ಒಳಗೋಡೆಗೆ ಒಂದು ಬಣ್ಣ ಬಳಿದು, ಅದರ ಮೇಲೆ ಬೇರೆ ಬಣ್ಣಗಳ ಹನಿ ಸಿಡಿಸಿ, ದುಬಾರಿ ಕಲ್ಲಿನ ಮೈಯನ್ನು ಹೋಲುವಂತೆ ಮಾಡುತ್ತಿದ್ದರು. ಬಣ್ಣ ತೆಳುವಾದರೆ ಹನಿ ಇಳಿದು ಗೆರೆಯಾಗುತ್ತದೆ, ಗಟ್ಟಿಯಾದರೆ ಉಂಡೆಗಟ್ಟುತ್ತದೆ. ಕೈ ಗೋಡೆಗೆ ಹತ್ತಿರವಾದಷ್ಟೂ ಚುಕ್ಕೆಗಳು ಒಂದೆಡೆ ಗುಂಪಾಗುತ್ತವೆ. ನಮ್ಮ ಸುಣ್ಣದ ಗೋಡೆಯಾದರೆ ಹೊತ್ತಿನ ಕಟ್ಟುಪಾಡೂ ಸೇರುತ್ತದೆ. ಅರಳಿದ ಸುಣ್ಣ ಆರುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಹಸಿಯಿರುವಾಗ ಬಿದ್ದ ಮಣ್ಣಿನ ಬಣ್ಣ ಆ ಕಲ್ಲಿನೊಳಗೇ ಸೆರೆಯಾಗುತ್ತದೆ. ಒಣಗಿದ ಮೇಲೆ ಬಿದ್ದದ್ದು ಒರಗಿದವರ ಅಂಗಿಗೆ ಮೆತ್ತಿಕೊಳ್ಳುತ್ತದೆ. ಇದನ್ನೆಲ್ಲ ಅರಿತ ಕೈಯನ್ನು ಕುಶಲವಲ್ಲ ಎನ್ನಲಾಗದು.

ಎರಚುವುದಕ್ಕೆ ನಮ್ಮಲ್ಲಿ ಗೌರವವಿಲ್ಲ ಎನ್ನುವವರು ತಾಳವಾಡಿಯನ್ನು ನೋಡಬೇಕು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಇಂದು ಈರೋಡ್ ಜಿಲ್ಲೆಯಲ್ಲಿದ್ದರೂ ಅಲ್ಲಿನ ಊರುಗಳ ಮಾತು ಕನ್ನಡವೇ. ಅಲ್ಲಿನ ಗುಮಟಾಪುರದಲ್ಲಿ ದೀಪಾವಳಿ ಮುಗಿದೊಡನೆ ಗೊರೆ ಹಬ್ಬ. ಮನೆಮನೆಯ ಕೊಟ್ಟಿಗೆಯಿಂದ ತಂದ ಸಗಣಿಯನ್ನು ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕಿ, ಪೂಜಿಸಿ, ಗಂಡಸರು ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ. ತಿಪ್ಪೆಯಲ್ಲಿ ದೇವರು ಸಿಕ್ಕಿದನೆಂಬುದು ಊರಿನ ಐತಿಹ್ಯ. ಈ ಹಬ್ಬಕ್ಕೂ ಗೋಡೆಗೂ ಏನು ನಂಟು ಎಂದು ಕೇಳಬಹುದು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಅಂಗಳಕ್ಕೆ ಚಿಮುಕಿಸುವ, ನೆಲ ಸಾರಿಸುವ, ಮಣ್ಣಿನ ಗೋಡೆಗೆ ಮೆತ್ತುವ ಸಗಣಿಯೇ ಅಲ್ಲಿ ದೇವರ ಮುಂದಿನ ರಾಶಿ. ಪತ್ರಿಕೆಗಳು ವರ್ಷವರ್ಷ ಇದನ್ನು ವಿಚಿತ್ರ ಆಚರಣೆಯೆಂದು ಬರೆಯುವಾಗ, ಮನೆಯೊಳಗಿನ ಈ ದಿನಬಳಕೆಯನ್ನು ಮರೆತೇ ಬರೆಯುತ್ತವೆ. ಹೆಂಗಸರು ದಿನವೂ ಮಾಡುವ ಕೆಲಸ ಸುದ್ದಿಯಾಗುವುದಿಲ್ಲ, ಗಂಡಸರು ವರ್ಷಕ್ಕೊಮ್ಮೆ ಆಡಿದ್ದು ಆಗುತ್ತದೆ.

ಸಿಮೆಂಟು, ಎಮಲ್ಷನ್ ಬಂದ ಮೇಲೆ ಈ ಮಾತೆಲ್ಲ ಏಕೆ ಎಂಬುದು ಕೊನೆಯ ಆಕ್ಷೇಪ. ಬಣ್ಣ ಬದಲಾದದ್ದು ನಿಜ. ಗಾರೆಯವರು ಮಾತ್ರ ಇಂದಿಗೂ ಮೊದಲ ಸಿಮೆಂಟನ್ನು ಸವರುವುದಿಲ್ಲ, ಕರಣೆಯಿಂದ ಬೀಸಿ ಎರಚುತ್ತಾರೆ. ಹಾಗೆ ಬಿದ್ದದ್ದು ಇಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ.